ಮೂರು ಬಾಟಲಿ ರಕ್ತ

ಚನ್ನರಾಯಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದ ಕಾಲದಲ್ಲಿ ಊರಿನ ಬಹಳ ಜನಕ್ಕೆ ನನ್ನ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ತರಕಾರಿ ಅಂಗಡಿಯಲ್ಲಿ "ಅರ್ಧ ಕೆಜಿ ಹುರುಳಿಕಾಯಿ ಹಾಕಪ್ಪ" ಅಂದರೆ ಪಕ್ಕದಲ್ಲಿ ನಿಂತವರು ತಿರುಗಿ ನೋಡಿ, "ನೀವು ಎಕ್ಸ್‌ಚೇಂಜಿನೋರಲ್ವಾ ಮೇಡಂ?" ಎನ್ನುತ್ತಿದ್ದರು. ಕೊಬ್ಬರಿ ಮಂಡಿಯವರು ಬೆಳಗ್ಗೆ ಏಳಕ್ಕೆಲ್ಲ ತಿಪಟೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಹತ್ತು ನಿಮಿಷಕ್ಕೊಮ್ಮೆ "ಏನಾಯ್ತು ಮೇಡಂ, ಲೈನ್ ಸಿಕ್ತಾ?" ಎಂದು ಪ್ರಾಣ ತಿನ್ನುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ, ತಿರುಗಿಸಿ ಏನಾದರೂ ಅನ್ನುತ್ತಿದ್ದೆ. ಮಾತು ನನಗೆ ಕೆಲಸವೂ ಆಗಿತ್ತು, ಕೆಲಸ ಮುಗಿದ ಮೇಲೂ ಬಿಡದ ಚಟವೂ ಆಗಿತ್ತು.

ಬೆಳಗಿನ ಪಾಳಿ ಆರು ಗಂಟೆಗೆ ಶುರು. ಯಂತ್ರಗಳಿಗೆ ಧೂಳು ತಾಕಬಾರದೆಂದು ಚಪ್ಪಲಿ ಹೊರಗೇ ಬಿಡಬೇಕು. ಡಿಸೆಂಬರಿನಲ್ಲಿ ಆ ನೆಲದ ಮೇಲೆ ಕಾಲಿಟ್ಟರೆ ನೆತ್ತಿಯವರೆಗೂ ಚಳಿ ಏರುತ್ತಿತ್ತು. ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಅಂಥದ್ದೇ ಒಂದು ಚಳಿಗಾಲದಲ್ಲಿ ನನ್ನ ಕಣಕಾಲಿನ ಸುತ್ತ ಕೆಂಪು ಚುಕ್ಕೆಗಳು ಕಾಣಿಸಿಕೊಂಡವು. ಕೆಲವು ಸಾಸಿವೆಯಷ್ಟು, ಕೆಲವು ಉದ್ದಿನಕಾಳಿನಷ್ಟು. ತುರಿಕೆಯಿರಲಿಲ್ಲ. ಹತ್ತು ದಿನಕ್ಕೆ ಕಂದುಬಣ್ಣಕ್ಕೆ ತಿರುಗಿ, ಕಾಫಿ ಡಿಕಾಕ್ಷನ್ ಚೆಲ್ಲಿದ ಕಲೆಯ ಹಾಗೆ ಉಳಿದುಬಿಡುತ್ತಿದ್ದವು. ಜೊತೆಗೆ ಮಂಡಿ, ಮಣಿಕಟ್ಟು ನೋವು. ಮಧ್ಯಾಹ್ನದ ಹೊತ್ತಿಗೆ ಹಿಂಡಿ ಹಾಕಿದ ಬಟ್ಟೆಯ ಹಾಗೆ ಸುಸ್ತು.

ಒಬ್ಬ ವೈದ್ಯರು ಉಷ್ಣ ಎಂದರು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿ ಸಂಧಿವಾತ ಎಂದರು. ಸಂಧಿವಾತದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದೆ. ಬೇಸಿಗೆ ಬಂದರೆ ಚುಕ್ಕೆ ಮಾಯವಾಗುತ್ತಿದ್ದವು, ನಾನೂ ಮರೆಯುತ್ತಿದ್ದೆ. ಸೀರೆಯ ಅಂಚು ಸ್ವಲ್ಪ ತಗ್ಗಿಸಿ ಉಟ್ಟರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆಮೇಲೆ ಚನ್ನರಾಯಪಟ್ಟಣಕ್ಕೆ ತಾನೇ ಕರೆ ಜೋಡಿಸುವ ಯಂತ್ರ ಬಂತು, ಆಪರೇಟರುಗಳ ಕೆಲಸ ಕಡಿಮೆಯಾಯಿತು. ನನ್ನ ಗಂಡ ಹೊಳೆನರಸೀಪುರದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅಲ್ಲಿಗೇ ವರ್ಗ ಕೇಳಿ ಪಡೆದೆ. ನರಸಿಂಹಸ್ವಾಮಿ ದೇವಸ್ಥಾನದಿಂದ ಎರಡು ಬೀದಿ ಆಚೆ ಬಾಡಿಗೆ ಮನೆ. ನಾನು, ಇವರು, ನಮ್ಮ ಒಬ್ಬಳೇ ಮಗಳು. ಕಚೇರಿಯಲ್ಲಿ ನನ್ನನ್ನು ದೂರು ಬರೆದುಕೊಳ್ಳುವ ಕೌಂಟರಿಗೆ ಹಾಕಿದರು. ಫೋನು ಸತ್ತಿದೆ, ಗೊರಗೊರ ಅನ್ನುತ್ತಿದೆ, ಯಾರದೋ ಮಾತು ಕೇಳಿಸುತ್ತಿದೆ ಎಂದು ಜನ ಬಂದು ಹೇಳುವುದು, ನಾನು ಬರೆದುಕೊಂಡು ಸಮಾಧಾನ ಹೇಳುವುದು.

ತೊಂಬತ್ತರ ದಶಕ ಮುಗಿಯಲು ಇನ್ನೊಂದು ವರ್ಷವಿತ್ತು. ಜನವರಿ ತಿಂಗಳು, ಸಂಕ್ರಾಂತಿ ಕಳೆದು ಒಂದು ವಾರ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಯಜಮಾನರು ಕೌಂಟರಿಗೆ ಬಂದು, "ಮೂರು ದಿನ ಆಯ್ತು ಕಣಮ್ಮ, ಯಾವಾಗ ಬತ್ತಾರೆ ಲೈನ್‌ಮನ್ನು?" ಎಂದು ಕೇಳಿದರು. "ನಾಳೆ ಬೆಳಗ್ಗೆ ಬರ್ತಾರೆ" ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಏನೋ ಬೇರೆ ಸದ್ದು. ಅವರು "ಆ್ಞ?" ಎಂದರು. ಮತ್ತೆ ಹೇಳಿದೆ. ಮತ್ತದೇ ಸದ್ದು. ಪೆನ್ನು ಕೈಯಿಂದ ಜಾರಿ ರಿಜಿಸ್ಟರಿನ ಮೇಲೆ ಬಿತ್ತು. ಎತ್ತಿಕೊಳ್ಳೋಣ ಎಂದರೆ ಬಲಗೈ ನನ್ನದಲ್ಲ ಅನ್ನುವ ಹಾಗೆ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನೋವಿರಲಿಲ್ಲ. ಆ ಯಜಮಾನರ ಮುಖದಲ್ಲಿ ಗಾಬರಿ ಕಂಡಾಗಲೇ ನನಗೆ ಭಯವಾದದ್ದು. "ಅಯ್ಯಯ್ಯೋ, ಈಯಮ್ಮನ ಬಾಯಿ ವಾರೆ ಆಗೋಯ್ತಲ್ರಪ್ಪಾ! ಯಾರಾದ್ರೂ ಬನ್ರೋ!" ಎಂದು ಅವರೇ ಕೂಗಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಾರಿಗೆ ಹತ್ತಿಸುವಾಗ ನನ್ನ ಕಾಲು ಹಿಡಿದು ಎತ್ತಿದವರೂ ಅವರೇ ಎಂದು ಆಮೇಲೆ ಕೇಳಿದೆ.

ಹಾಸನದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಿನ ಎಡಭಾಗದಲ್ಲಿ ಒಂದು ರಕ್ತನಾಳ ಮುಚ್ಚಿದೆ, ಪಾರ್ಶ್ವವಾಯು ಎಂದರು. ನನಗೆ ಆಗ ಇನ್ನೂ ನಲವತ್ತಮೂರು. ಬಿಪಿ ಇಲ್ಲ, ಸಕ್ಕರೆ ಕಾಯಿಲೆಯಿಲ್ಲ, ಹೃದಯ ಸರಿಯಿದೆ. ಏಕೆ ಮುಚ್ಚಿತು ಎಂದು ಮೊದಲ ಎರಡು ದಿನ ಯಾರಿಗೂ ತಿಳಿಯಲಿಲ್ಲ.

ನನಗೆ ಎಲ್ಲ ಕೇಳಿಸುತ್ತಿತ್ತು, ಬಹುಪಾಲು ಅರ್ಥವೂ ಆಗುತ್ತಿತ್ತು. ಹೇಳಲು ಮಾತ್ರ ಆಗುತ್ತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಮಗಳು ಮಂಚದ ಪಕ್ಕ ಕುಳಿತು, "ಅಮ್ಮಾ, ನಾನ್ಯಾರು ಹೇಳು?" ಎಂದಳು. ಅವಳ ಹೆಸರು ನನ್ನೊಳಗೆ ಸ್ಪಷ್ಟವಾಗಿತ್ತು. ಅದನ್ನೇ ಹಿಡಿದು ಬಾಯಿಗೆ ತಂದೆ. "ನಂಬರ್ ಪ್ಲೀಸ್" ಎಂದೆ.

ಎಷ್ಟೋ ವರ್ಷ ಹೆಡ್‌ಸೆಟ್ ಹಾಕಿಕೊಂಡು ದಿನಕ್ಕೆ ನೂರಾರು ಸಲ ಹೇಳಿದ ಮಾತು. ಮಿಕ್ಕಿದ್ದೆಲ್ಲ ಅಳಿಸಿಹೋದರೂ ಅದೊಂದು ಹೇಗೋ ಉಳಿದುಕೊಂಡಿತ್ತು. ಹದಿಮೂರು ವರ್ಷದ ಮಗಳು ಮೊದಲು ನಕ್ಕಳು, ಆಮೇಲೆ ಅಳು ಬಂತು ಅವಳಿಗೆ. ನಾನೂ ಅತ್ತೆ. ನೀರು ಬೇಕೆಂದರೂ "ನಂಬರ್ ಪ್ಲೀಸ್", ಚಳಿ ಎಂದರೂ ಅದೇ. ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದೆ. ನಾಲ್ಕು ದಿನದಲ್ಲಿ ರಾಗದ ಮೇಲೇ ಯಾವುದು ನೀರು, ಯಾವುದು ಕಿಟಕಿ ಎಂದು ಇವರು ಕಂಡುಹಿಡಿಯುವಂತಾದರು.

ಆ ವಾರವೇ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ನನ್ನನ್ನು ನೋಡಲು ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ. ಮಿಕ್ಕವರೆಲ್ಲ ಕೈ ಎತ್ತಿ, ನಾಲಿಗೆ ತೋರಿಸಿ ಎನ್ನುತ್ತಿದ್ದರು. ಅವರು ಹೊದಿಕೆ ಸರಿಸಿ ಕಾಲು ನೋಡಿದರು. ಆ ಜನವರಿಯಲ್ಲಿ ಚುಕ್ಕೆಗಳು ಮಂಡಿಯವರೆಗೂ ಬಂದಿದ್ದವು.

"ಇದು ಎಷ್ಟು ದಿನದಿಂದ ಇದೆ?"

"ಏಳೆಂಟು ವರ್ಷದಿಂದ ಡಾಕ್ಟ್ರೇ. ಚಳಿಗಾಲದಲ್ಲಿ ಬರುತ್ತೆ, ಬೇಸಿಗೇಲಿ ಹೋಗುತ್ತೆ. ಸಂಧಿವಾತಕ್ಕೆ ಹೀಗಾಗುತ್ತೆ ಅಂದ್ರು" ಎಂದರು ಇವರು.

ಡಾಕ್ಟರು ಬಗ್ಗಿ ಇನ್ನೊಂದಷ್ಟು ಹೊತ್ತು ನೋಡಿದರು. "ಇವರಿಗೆ ಯಾವಾಗಲಾದ್ರೂ ರಕ್ತ ಕೊಟ್ಟಿದ್ರಾ?"

ಇವರು ಒಮ್ಮೆ ನನ್ನ ಮುಖ ನೋಡಿದರು. "ಮಗಳು ಹುಟ್ಟಿದಾಗ, ಎಂಬತ್ತಾರರಲ್ಲಿ. ಮೂರು ಬಾಟಲಿ."

ಆ ಮೂರು ಬಾಟಲಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಚನ್ನರಾಯಪಟ್ಟಣದಲ್ಲಿ ಹೆರಿಗೆಯಾಗಿ ರಕ್ತಸ್ರಾವ ನಿಲ್ಲದೆ ನನ್ನನ್ನು ಹಾಸನಕ್ಕೆ ಕರೆತಂದಿದ್ದರು. ಒಂದು ಬಾಟಲಿ ಆಸ್ಪತ್ರೆಯಲ್ಲೇ ಇತ್ತು, ಯಾರು ಕೊಟ್ಟದ್ದೋ. ಎರಡನೆಯದು ಇವರು ಕೊಟ್ಟರು. ಇನ್ನೊಂದು ಬೇಕು, ಬೇಗ ಬೇಕು ಎಂದು ನರ್ಸು ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿದಾಗ, ಪಕ್ಕದ ಮಂಚದ ಬಾಣಂತಿಯ ಗಂಡ ಎದ್ದು ನಿಂತರಂತೆ. ಸಾಲಗಾಮೆ ಕಡೆಯ ರೈತ, ಆಲೂಗೆಡ್ಡೆ ಬೆಳೆಯುವವರು. "ನನ್ದು ತಕ್ಕಳಿ ಸಿಸ್ಟ್ರೇ, ಒಂದಾಗದಿದ್ರೆ ಎಲ್ಡು ತಕ್ಕಳಿ" ಎಂದು ತೋಳು ಚಾಚಿದರಂತೆ. ಗುಂಪು ಹೊಂದಿತು. ನಾನು ಬದುಕಿದೆ. ಅವರಿಗೂ ಅದೇ ವಾರ ಹೆಣ್ಣುಮಗು ಹುಟ್ಟಿತ್ತು.

ಅಂದಿನಿಂದ ವರ್ಷಕ್ಕೊಮ್ಮೆ, ಬೆಳೆ ಕಿತ್ತ ಮೇಲೆ, ಅವರು ಒಂದು ಚೀಲ ಆಲೂಗೆಡ್ಡೆ ಹೊತ್ತು ನಮ್ಮ ಮನೆಗೆ ಬರುತ್ತಿದ್ದರು. ನಮ್ಮ ಮಗಳು ಅವರಿಗೆ 'ಆಲೂಗೆಡ್ಡೆ ಮಾವ' ಎಂದು ಹೆಸರಿಟ್ಟಿದ್ದಳು. ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಾಯಿ ಎನ್ನುತ್ತಿದ್ದರು. ಅರಕಲಗೂಡಿನಲ್ಲಿದ್ದ ನಮ್ಮತ್ತೆ ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಅವರೂ ಆತ ಬಂದ ದಿನ ಮನೆಯಲ್ಲಿದ್ದರೆ ತಾವೇ ಕಾಫಿ ಬೆರೆಸಿ ಕೈಗೆ ಕೊಡುತ್ತಿದ್ದರು. ಆತ ಕಾಫಿ ಕುಡಿಯುತ್ತ, "ನಂ ರಕ್ತ ಐತೆ ಕಣಮ್ಮೋ ನಿಮ್ ಸೊಸೆ ಮೈಯಾಗೆ, ಅದಕ್ಕೇ ಇಷ್ಟ್ ಜೋರು ಬಾಯಿ" ಎಂದು ನಗುತ್ತಿದ್ದರು.

ಡಾಕ್ಟರು ಎಲ್ಲ ಕೇಳಿಸಿಕೊಂಡು, "ಮನೇಲಿ ಕಾಫಿ ಫ್ಲಾಸ್ಕ್ ಇದೆಯಾ? ಚೆನ್ನಾಗಿ ತೊಳೆದು ತನ್ನಿ" ಎಂದರು. ಇವರಿಗೆ ಏನೂ ಅರ್ಥವಾಗಲಿಲ್ಲ. ಮಾರನೆಯ ದಿನ ಆ ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು ತುಂಬಿ, ನನ್ನ ರಕ್ತ ತೆಗೆದು, ಕೊಳವೆಯನ್ನು ತಕ್ಷಣ ಆ ನೀರಿನೊಳಗೆ ಇಳಿಸಿ ಮುಚ್ಚಳ ಹಾಕಿದರು. ರಕ್ತ ತಣ್ಣಗಾಗಲು ಬಿಡದೆ ಮೇಲಿನ ತಿಳಿಯನ್ನು ಬೇರೆ ಮಾಡಬೇಕಂತೆ, ಆಮೇಲೆ ಅದನ್ನು ಫ್ರಿಜ್ಜಿನಲ್ಲಿಟ್ಟು ಕಾಯಬೇಕಂತೆ.

ಐದನೆಯ ದಿನ ಆ ಕೊಳವೆಯನ್ನು ನನ್ನ ಮಂಚದ ಹತ್ತಿರವೇ ತಂದರು. ಮೇಲೆ ಹಳದಿ ತಿಳಿ, ತಳದಲ್ಲಿ ಬೆಳ್ಳಗೆ ಮೊಸರಿನಂಥದ್ದು ಕೂತಿತ್ತು. ಡಾಕ್ಟರು ಅದನ್ನು ನನ್ನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಹಾಗೇ ಹಿಡಿದುಕೊಂಡಿರಲು ಹೇಳಿದರು. ಬಹಳ ಹೊತ್ತು ಹಿಡಿದುಕೊಂಡಿದ್ದೆ. ಬಿಡಿಸಿ ನೋಡಿದರೆ ಬಿಳಿಯದು ಮುಕ್ಕಾಲುಪಾಲು ಕರಗಿತ್ತು.

"ನೋಡಿದ್ರಾ? ಚಳಿಗೆ ಗಟ್ಟಿಯಾಗುತ್ತೆ, ಬೆಚ್ಚಗಾದ್ರೆ ಕರಗುತ್ತೆ. ನಿಮ್ಮ ಲಿವರ್‌ನಲ್ಲಿ ಒಂದು ವೈರಸ್ ವರ್ಷಗಟ್ಟಲೆಯಿಂದ ಇರಬೇಕು. ಅದರ ಜೊತೆ ಜಗಳ ಆಡ್ತಾ ಆಡ್ತಾ ದೇಹ ಈ ಬೇಡದ ಪ್ರೋಟೀನ್ ತಯಾರು ಮಾಡ್ತಿದೆ. ಅದು ಸಣ್ಣ ರಕ್ತನಾಳಗಳಲ್ಲಿ ಕೂತು ಅವು ಊದಿಕೊಳ್ಳೋ ಹಾಗೆ ಮಾಡುತ್ತೆ, ಮುಚ್ಚುತ್ತೆ. ಕಾಲಲ್ಲಾದಾಗ ಚುಕ್ಕೆ ಬಂತು. ಮೆದುಳಲ್ಲಾದಾಗ ಸ್ಟ್ರೋಕ್ ಆಯ್ತು. ಅಪರೂಪ, ಆದ್ರೆ ಆಗುತ್ತೆ. ಸಂಧಿವಾತ ಅಲ್ಲವೇ ಅಲ್ಲ ಇದು."

ಬೆಂಗಳೂರಿಗೆ ಕಳಿಸಿದ ಇನ್ನೊಂದು ಪರೀಕ್ಷೆಯ ವರದಿ ಬಂದಾಗ ವೈರಸ್ಸಿನ ಹೆಸರೂ ತಿಳಿಯಿತು. ಹೆಪಟೈಟಿಸ್ ಸಿ. ನಾನು ರಕ್ತ ಪಡೆದ ವರ್ಷ ಅದಕ್ಕೆ ಹೆಸರೂ ಇರಲಿಲ್ಲ, ಹುಡುಕುವ ಪರೀಕ್ಷೆಯೂ ಇರಲಿಲ್ಲ ಎಂದರು ಡಾಕ್ಟರು.

ವಿಚಿತ್ರವೆಂದರೆ ಆ ದಿನ ನನಗೆ ದುಃಖಕ್ಕಿಂತ ನೆಮ್ಮದಿ ಹೆಚ್ಚಾಯಿತು. ಯಾವ ಪಾಪಕ್ಕೆ ಹೀಗಾಯಿತೋ, ಯಾರ ಕಣ್ಣು ಬಿತ್ತೋ ಎಂದು ನೋಡಲು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಅದೊಂದೂ ಅಲ್ಲ. ಕೊಳವೆಯ ತಳದಲ್ಲಿ ಕಣ್ಣಿಗೆ ಕಾಣುವಂಥದ್ದು, ನನ್ನ ಅಂಗೈಯ ಬಿಸಿಗೇ ಕರಗುವಂಥದ್ದು. ಅದಕ್ಕೆ ಔಷಧಿಯೂ ಇತ್ತು. ಊದಿಕೊಂಡ ರಕ್ತನಾಳ ಇಳಿಯಲು ಮೊದಲು ಮಾತ್ರೆ. ಆಮೇಲೆ ವೈರಸ್ಸಿಗೆ ವಾರಕ್ಕೆ ಮೂರು ಇಂಜೆಕ್ಷನ್, ಒಂದು ವರ್ಷ. ನಮ್ಮ ಇಲಾಖೆಯ ವೈದ್ಯಕೀಯ ಸೌಲಭ್ಯವಿದ್ದದ್ದರಿಂದ ಅದು ನಮ್ಮ ಕೈಗೆಟುಕಿತು.

ಇವರದ್ದೂ ಮಗಳದ್ದೂ ರಕ್ತ ಪರೀಕ್ಷೆ ಮಾಡಿಸಿದರು. ಇಬ್ಬರಿಗೂ ಇರಲಿಲ್ಲ. ಮಗಳ ವರದಿ ಓದಿದ ಮೇಲೆ ಇವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರಂತೆ, ಕಾಲು ಗಂಟೆ ಏಳಲಿಲ್ಲವಂತೆ. ಮೂರು ಬಾಟಲಿಯಲ್ಲಿ ಒಂದರ ಲೆಕ್ಕ ಹೀಗೆ ಬಿಟ್ಟುಹೋಯಿತು. ಇನ್ನೆರಡು ಉಳಿದವು. ಯಾರು ಕೊಟ್ಟರೆಂದು ಗೊತ್ತಿಲ್ಲದ ಬಾಟಲಿ ಒಂದು, ಆಲೂಗೆಡ್ಡೆ ಅಣ್ಣನ ಬಾಟಲಿ ಇನ್ನೊಂದು.

"ಯಾರಿಂದ ಬಂತು ಅಂತ ನಾನು ಹೇಳಕ್ಕಾಗಲ್ಲ" ಎಂದರು ಡಾಕ್ಟರು. "ಆದ್ರೆ ಆ ರೈತರು ಒಂದ್ಸಲ ಪರೀಕ್ಷೆ ಮಾಡಿಸ್ಲೇಬೇಕು. ಇದ್ರೆ ಅವರಿಗೂ ಗೊತ್ತಿರಲ್ಲ, ಲಿವರ್ ಸದ್ದಿಲ್ಲದೆ ಹಾಳಾಗ್ತಿರುತ್ತೆ. ಬಹಳ ತಡ ಮಾಡ್ಬೇಡಿ."

ಜೀವ ಉಳಿಸಿದೆನೆಂದು ಹದಿಮೂರು ವರ್ಷ ಸಂತೋಷಪಟ್ಟ ಮನುಷ್ಯನಿಗೆ ಹೋಗಿ ಇದನ್ನು ಹೇಗೆ ಹೇಳುವುದು? ಇವರು ಕಾಗದ ಬರೆಯೋಣ ಎಂದರು. ಡಾಕ್ಟರು, ನನ್ನ ಹತ್ತಿರ ಕಳಿಸಿ, ನಾನೇ ಹೇಳುತ್ತೇನೆ ಎಂದರು. ನಾನು ತಲೆಯಾಡಿಸಿ ಬೇಡವೆಂದೆ. ಎಡಗೈಯಿಂದ ಎದೆ ಮುಟ್ಟಿ ತೋರಿಸಿದೆ. ನಾನೇ ಹೇಳಬೇಕು. ಆಗ ನನಗೆ ಬರುತ್ತಿದ್ದದ್ದು 'ನಂಬರ್ ಪ್ಲೀಸ್', 'ಅಮ್ಮ', ಒಂದರಿಂದ ಹತ್ತರವರೆಗೆ ಎಣಿಕೆ, ಅಷ್ಟೆ.

ಮನೆಗೆ ಬಂದ ಮೇಲೆ ನಮ್ಮತ್ತೆ ಅರಕಲಗೂಡಿನಿಂದ ಪೆಟ್ಟಿಗೆ ಸಮೇತ ಬಂದು ಉಳಿದರು. ಅವರ ತವರು ರುದ್ರಪಟ್ಟಣ. ಆ ಊರಿನ ಎಷ್ಟೋ ಮನೆಗಳ ಹಾಗೆ ಅವರ ಮನೆಯಲ್ಲೂ ಮಕ್ಕಳು ಮಾತು ಕಲಿಯುವಾಗಲೇ ಸ್ವರವನ್ನೂ ಕಲಿಯುತ್ತಿದ್ದರು. ಸಂಗೀತ ಕಚೇರಿ ಮಾಡಿದವರಲ್ಲ ನಮ್ಮತ್ತೆ, ಬೀದಿಯ ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟವರು. ಮಾತು ಕಲಿಸುವವರನ್ನು ನೋಡಲು ನಾವು ಮೈಸೂರಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಮೊದಲ ಸಲ ಹೋದಾಗ ಅಲ್ಲಿಯವರು, "ಮಾತು ಬಾರದಿದ್ದವರಿಗೂ ಕೆಲವೊಮ್ಮೆ ಹಾಡು ಬರುತ್ತೆ, ಪ್ರಯತ್ನ ಮಾಡಿ ನೋಡಿ" ಎಂದು ಹೇಳಿದ್ದನ್ನು ಅತ್ತೆ ಕಿವಿಯಲ್ಲಿಟ್ಟುಕೊಂಡು ಬಂದರು.

ಮಾರನೆಯ ದಿನ ಬೆಳಗ್ಗೆ ಅಡುಗೆಮನೆಯ ಹೊಸಿಲಲ್ಲಿ ನನ್ನೆದುರು ಕುಳಿತು, ಕಾಫಿ ಲೋಟ ಹಿಂದಕ್ಕೆ ಹಿಡಿದುಕೊಂಡರು. ನನ್ನ ಎಡಗೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸುತ್ತ, "ಸ, ರಿ, ಗ, ಮ" ಎಂದರು. ನನಗೆ ಅದು ಬಂತು! ನನಗೇ ನಂಬಿಕೆಯಾಗಲಿಲ್ಲ. ಅದೇ ನಾಲ್ಕು ಸ್ವರಕ್ಕೆ ಅವರು "ಕಾ, ಫಿ, ಬೇ, ಕು" ಎಂದು ಹಾಡಿದರು. ನಾನೂ ಹಾಡಿದೆ. ಮೊದಲ ಸಲ 'ಕಾಪಿ ಬೇಬು' ಆಯಿತು. ನಾಲ್ಕನೆಯ ಸಲ ಸರಿಯಾಯಿತು.

"ಭೇಷ್!" ಎಂದರು ಅತ್ತೆ. "ಇನ್ನು ಮೇಲೆ ಹಾಡಿದ್ರೆ ಕಾಫಿ, ಇಲ್ದಿದ್ರೆ ಇಲ್ಲ ಕಣೇ. ನಂಬರ್ ಗಿಂಬರ್ ಅಂದ್ರೆ ಬರೀ ನೀರು."

ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಎಲ್ಲವೂ ಹಾಡೇ. ಬಾಗಿಲು ತೆಗಿ, ಬಿಸಿನೀರು ಕಾದಿದೆ, ಪೇಪರ್ ಬಂತಾ. ಮಾಯಾಮಾಳವಗೌಳ ರಾಗದಲ್ಲಿ ಸೊಪ್ಪಿನವನನ್ನು ಕೂಗಿದರೆ ಅವನು ಬೆಪ್ಪಾಗಿ ನಿಂತುಬಿಡುತ್ತಿದ್ದ. ಮಗಳು ಒಂದು ಹಳೆಯ ನೋಟುಬುಕ್ಕಿನಲ್ಲಿ ದಿನಕ್ಕೆ ಎಷ್ಟು ಹೊಸ ಪದ ಬಂತೆಂದು ಬರೆದಿಡುತ್ತಿದ್ದಳು. ಬರಬರುತ್ತ ರಾಗ ತೆಳ್ಳಗಾಗಿ ಮಾತು ಉಳಿಯಿತು. ಬಲಗಾಲು ಮೊದಲು ಬಂತು, ಕೈ ನಿಧಾನವಾಗಿ. ಅದಕ್ಕೆ ಅತ್ತೆ ಹೂವಿನ ಬುಟ್ಟಿ ಮುಂದಿಟ್ಟು ದಿನವೂ ಕಾಕಡ ಕಟ್ಟಿಸುತ್ತಿದ್ದರು. ಮೊದಮೊದಲು ಒಂದು ಗಂಟಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಕಟ್ಟಿದ್ದೆಲ್ಲ ಉದುರಿದರೂ ಅವರು ಆ ಮಾಲೆಯನ್ನೇ ದೇವರಿಗೆ ಹಾಕುತ್ತಿದ್ದರು.

ಇಂಜೆಕ್ಷನ್ ಬಗ್ಗೆ ಸುಳ್ಳು ಹೇಳಬಾರದು, ಅದು ಕಷ್ಟವೇ ಆಯಿತು. ಹಾಸನದಿಂದ ಐಸು ತುಂಬಿದ ಡಬ್ಬಿಯಲ್ಲಿ ಇವರೇ ಬಸ್ಸಿನಲ್ಲಿ ತರುತ್ತಿದ್ದರು. ಚುಚ್ಚುವುದನ್ನೂ ಕಲಿತರು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಚುಚ್ಚಿಸಿಕೊಂಡರೆ ಮಾರನೆಯ ದಿನವೆಲ್ಲ ಜ್ವರ, ಮೈಕೈ ನೋವು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು. ಬಿಟ್ಟುಬಿಡೋಣ ಎಂದು ಎರಡು ಸಲ ಅನ್ನಿಸಿತು. ಆದರೆ ತಿಂಗಳ ಪರೀಕ್ಷೆಯಲ್ಲಿ ಲಿವರ್ ಸುಧಾರಿಸುತ್ತಿರುವುದು ಕಾಣುತ್ತಿತ್ತು.

ಏಪ್ರಿಲ್ ಬಂತು. ಇನ್ನು ತಡ ಮಾಡಬಾರದು ಎನ್ನಿಸಿತು. ಅಣ್ಣನಿಗೆ ಹೇಳಬೇಕಾದದ್ದನ್ನು ಮೂರು ವಾಕ್ಯಕ್ಕೆ ಇಳಿಸಿ, ಹದಿನೈದು ದಿನ ಅತ್ತೆಯೆದುರು ಅಭ್ಯಾಸ ಮಾಡಿದೆ. ಒಂದು ಭಾನುವಾರ ಬೆಳಗ್ಗೆ ನಾನೂ ಇವರೂ ಹಾಸನಕ್ಕೆ ಬಸ್ಸು ಹತ್ತಿ, ಅಲ್ಲಿಂದ ಸಾಲಗಾಮೆ ಬಸ್ಸು ಹಿಡಿದು, ಅವರ ಹಳ್ಳಿಗೆ ಅರ್ಧ ಮೈಲಿ ನಡೆದೆವು. ಪಾರ್ಶ್ವವಾಯು ಆದಮೇಲೆ ನಾನು ಅಷ್ಟು ದೂರ ನಡೆದದ್ದು ಅದೇ ಮೊದಲು.

ಬಿತ್ತನೆಯ ಕಾಲ. ಅಣ್ಣನ ಮನೆಯ ಜಗುಲಿ ತುಂಬ ಆಲೂಗೆಡ್ಡೆ ಹರಡಿತ್ತು. ಗಂಡ ಹೆಂಡತಿ ಕುಳಿತು ಬಿತ್ತನೆಗೆಂದು ಮೊಳಕೆ ನೋಡಿ ಹೋಳು ಮಾಡುತ್ತಿದ್ದರು. ನನ್ನನ್ನು ಕಂಡು ಅಣ್ಣ ನಗುತ್ತ ಎದ್ದವರು, ನಾನು ಕಾಲೆಳೆದು ನಡೆಯುವುದನ್ನು ನೋಡಿ ಅಲ್ಲೇ ನಿಂತರು.

"ಇದ್ಯಾಕ್ ತಾಯಿ, ಏನಾಯ್ತು? ಮೇಷ್ಟ್ರೇ, ಏನಿದು? ನಂಗೆ ಒಂದ್ ಮಾತ್ ಏಳ್ಕಳಿಸಲಿಲ್ವಲ್ಲ ಸಾ!"

ಇವರು ಪಾರ್ಶ್ವವಾಯುವಿನ ವಿಷಯ ಹೇಳಿದರು. ಅಷ್ಟು ಹೇಳಿ ನಿಲ್ಲಿಸಿ ನನ್ನನ್ನು ನೋಡಿದರು. ಚಾಪೆಯ ಮೇಲೆ ಕುಳಿತು ನಾನು ಶುರು ಮಾಡಿದೆ. "ಅಣ್ಣ. ನನ್ನ ರಕ್ತದಲ್ಲಿ..." ಎಂದೆ. ಅಭ್ಯಾಸ ಮಾಡಿದ್ದೆಲ್ಲ ಹಾರಿಹೋಯಿತು. ಬಾಯಿ ತೆರೆದು ಕುಳಿತೆ. ಅಣ್ಣ ಅವಸರಪಡಿಸಲಿಲ್ಲ. ಕೈಯಲ್ಲಿದ್ದ ಚಾಕು ಕೆಳಗಿಟ್ಟು ಕಾದರು. ನಾನು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿಕೊಂಡೆ. ನಾಚಿಕೆ ಬಿಟ್ಟು, ಅರ್ಧ ಹಾಡಿ ಅರ್ಧ ಮಾತಾಡಿ ಹೇಳಿದೆ.

"ನನ್ನ ರಕ್ತದಲ್ಲಿ ರೋಗ ಇದೆ. ಕೊಟ್ಟ ರಕ್ತದಿಂದ ಬಂದಿರಬಹುದು. ನೀವು ಪರೀಕ್ಷೆ ಮಾಡಿಸಿ ಅಣ್ಣ."

ಅವರಿಗೆ ಅರ್ಥವಾದದ್ದು ಮುಖದಲ್ಲಿ ತಿಳಿಯಿತು.

"ಅಂಗಾರೆ... ನಾನೇ ನಿಂಗೆ ಈ ಗತಿ ತಂದ್ನಾ ತಾಯಿ?"

ಅದಕ್ಕೆ ನಾನು ಏನೂ ಅಭ್ಯಾಸ ಮಾಡಿರಲಿಲ್ಲ. ಅವರು ಹೀಗೆ ಕೇಳಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಆದರೂ ಆ ಮಾತು ತಾಳವಿಲ್ಲದೆ, ರಾಗವಿಲ್ಲದೆ ತಾನಾಗಿ ಬಂತು.

"ಇಲ್ಲ. ಅವತ್ತು ನೀವು ಕೊಡದೆ ಇದ್ದಿದ್ರೆ, ನಾನು ಅವತ್ತೇ ಹೋಗ್ತಿದ್ದೆ. ಮಗಳು ನನ್ನ ನೋಡ್ತಿರಲಿಲ್ಲ."

ಅಣ್ಣ ಟವಲಿನಲ್ಲಿ ಮುಖ ಒರೆಸಿಕೊಂಡರು. ಇವರು ಡಾಕ್ಟರು ಹೇಳಿದ್ದನ್ನೆಲ್ಲ ನಿಧಾನವಾಗಿ ವಿವರಿಸಿದರು. ಯಾರ ಬಾಟಲಿಯಿಂದ ಬಂತೆಂದು ಯಾರೂ ಹೇಳಲಾರರು, ಆ ಕಾಲದಲ್ಲಿ ಪರೀಕ್ಷೆಯೇ ಇರಲಿಲ್ಲ, ಯಾರ ತಪ್ಪೂ ಅಲ್ಲ, ಈಗ ತಿಳಿದರೆ ಒಳ್ಳೆಯದು. ಅಣ್ಣನ ಹೆಂಡತಿ ಹೋಳುಗಳನ್ನು ಮಂಕರಿಗೆ ತುಂಬಿ, ಸೆರಗಿಗೆ ಕೈ ಒರೆಸಿಕೊಂಡು, "ಕುಂತ್ಕಂಡು ಅತ್ತುಬುಟ್ರೆ ಏನ್ ಬಂತು? ನಾಳಿಕೇ ಓಗನ ನಡೀರಿ, ನಂದೂ ತೋರ್ಸನ, ಮಕ್ಕಳ್ದೂ ತೋರ್ಸನ. ಬಿತ್ನೆ ಎಲ್ಡ್ ದಿನ ತಡ ಆದ್ರೆ ಆಯ್ತದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಮಾಡ್ಕಂಡೇ ಓಗ್ಬೇಕು ಕಣಮ್ಮ" ಎಂದರು. ಆ ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡೆವು.

ಅಣ್ಣನಿಗೆ ಅದೇ ವೈರಸ್ ಇತ್ತು. ಹೆಂಡತಿಗೂ ಮಕ್ಕಳಿಗೂ ಇರಲಿಲ್ಲ. ಅವರಿಗೆ ಎಲ್ಲಿಂದ ಬಂದಿರಬಹುದೆಂದು ಡಾಕ್ಟರು ಕೇಳಿದಾಗ, ಹುಡುಗರಾಗಿದ್ದಾಗ ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಜ್ವರಕ್ಕೆ ಚುಚ್ಚುತ್ತಿದ್ದ ಒಬ್ಬ ಕಾಂಪೌಂಡರ್ ನೆನಪಾದ. ಇಡೀ ಕೇರಿಗೆ ಒಂದೇ ಸೂಜಿಯಂತೆ. ಅದೇ ಇರಬಹುದು, ಇಲ್ಲದೆಯೂ ಇರಬಹುದು. ಅಣ್ಣನ ಲಿವರ್ ಸ್ವಲ್ಪ ಊದಿತ್ತು, ಹಾಳಾಗಿರಲಿಲ್ಲ.

"ಇಂಜೆಕ್ಷನ್ ಈಗಲೇ ಬೇಕಾಗಿಲ್ಲ. ಸಾರಾಯಿ ಇವತ್ತಿಂದ ಬಂದ್. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ಇನ್ನೂ ಹತ್ತು ವರ್ಷ ಹೀಗೇ ಕುಡಿದಿದ್ರೆ ಕಷ್ಟ ಇತ್ತು, ಈಗ ಸಿಕ್ಕಿಬಿದ್ದಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರು.

"ಸಾರಾಯಿ ಬುಡ್ತೀನಿ ಕಣವ್ವ. ಆಲೂಗೆಡ್ಡೆ ತಿನ್ಬೋದಾ?" ಎಂದು ಅಣ್ಣ ಕೇಳಿದರು. ಡಾಕ್ಟರು ನಕ್ಕುಬಿಟ್ಟರು.

ಊರಿಗೆ ಹೋದ ಮೇಲೆ ಅಣ್ಣ ಒಂದು ಕೆಲಸ ಹಚ್ಚಿಕೊಂಡರು. ಹಳ್ಳಿಯಲ್ಲಿ ಯಾರಿಗೆ ಇಂಜೆಕ್ಷನ್ ಕೊಡುವುದಿದ್ದರೂ ಹೊಸ ಸೂಜಿಯನ್ನು ಕಣ್ಣೆದುರೇ ಬಿಚ್ಚಬೇಕು ಎಂದು ಹಟ. ಚುಚ್ಚಿಸಿಕೊಳ್ಳುವವರು ಸುಮ್ಮನಿದ್ದರೆ ಅಣ್ಣನೇ ಹೋಗಿ ನಿಂತು ನೋಡುತ್ತಿದ್ದರಂತೆ. ಊರವರು ಅವರಿಗೆ 'ಸೂಜಿ ಗೌಡ್ರು' ಎಂದು ಹೆಸರಿಟ್ಟರು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ಆ ವರ್ಷದ ಕೊನೆಗೆ ಕೆಲಸಕ್ಕೆ ಹಿಂದಿರುಗಿದೆ. ಬಲಗೈ ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ, ಓದುವ ಹಾಗಿತ್ತು. ಮಾತು ನಡುನಡುವೆ ನಿಲ್ಲುತ್ತಿತ್ತು. ಕೌಂಟರಿಗೆ ಬಂದವರು ಮೊದಲು ಮುಖ ಮುಖ ನೋಡುತ್ತಿದ್ದರು, ಆಮೇಲೆ ರೂಢಿಯಾಗಿ ಕಾಯುತ್ತಿದ್ದರು. ಇಂಜೆಕ್ಷನ್ ಮುಗಿದಾಗ ವೈರಸ್ ಕಾಣಲಿಲ್ಲ. ಆರು ತಿಂಗಳು ಬಿಟ್ಟು ನೋಡಿದಾಗಲೂ ಕಾಣಲಿಲ್ಲ. ಡಾಕ್ಟರು ಆ ವರದಿಯನ್ನು ಎರಡು ಸಲ ಓದಿ, ನನ್ನ ಕೈ ಕುಲುಕಿದರು, ಬಲಗೈಯನ್ನೇ ಹುಡುಕಿ ಹಿಡಿದು. ಮುಂದಿನ ಚಳಿಗಾಲದಲ್ಲಿ ನನ್ನ ಕಾಲುಗಳ ಮೇಲೆ ಹಳೆಯ ಕಲೆಗಳಷ್ಟೇ ಇದ್ದವು.

ಅಣ್ಣನ ಆರು ತಿಂಗಳ ಪರೀಕ್ಷೆಗೆ ನಾನೂ ಹಾಸನಕ್ಕೆ ಹೋಗುವುದು ರೂಢಿಯಾಯಿತು. ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿರಬೇಕು. ಒಂದು ಬೆಳಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಾವು ನಾಲ್ವರು ತಿಂಡಿಗೆ ಕುಳಿತಿದ್ದೆವು. ಅಣ್ಣನ ಹೆಂಡತಿ ಇಡ್ಲಿ ಮುರಿಯುತ್ತ, "ಏಳ್ತೀನಿ ನೋಡಿ ಅಮ್ಮಾರೆ, ವಾದ್ ತಿಂಗ್ಳು ಮದ್ವೆ ಮನೇಲಿ ಎಲ್ಡ್ ಲೋಟ ಆಕವ್ರೆ. ನಾನೇನು ಏಳಲ್ಲ ಅಂದ್ಕಂಡವ್ರೆ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಏನಣ್ಣ ಇದು, ಅಷ್ಟು ದೂರದಿಂದ ಹೊತ್ತು ಗೊತ್ತಿಲ್ಲದೆ ಬಸ್ಸು ಹತ್ತಿ ಬಂದು ಡಾಕ್ಟ್ರ ಮುಂದೆ ಕೈ ಕಟ್ಟಿ ನಿಂತ್ಕೊಳ್ಳೋದು ಯಾತಕ್ಕೆ, ಇಂಥ ಕೆಲಸ ಮಾಡೋದಕ್ಕಾ? ಮದುವೆ ಮನೇಲಿ ಪಾಯಸ ಇರಲಿಲ್ವಾ, ಮಜ್ಜಿಗೆ ಇರಲಿಲ್ವಾ, ನಿಮ್ಮ ಹೆಂಡ್ತಿ ಮಕ್ಕಳ ಮುಖ ಆದ್ರೂ ನೆನಪಾಗ್ಲಿಲ್ವಾ ನಿಮಗೆ?" ಎಂದು ಗದರಿದೆ.

ಅಣ್ಣ ತಲೆ ತಗ್ಗಿಸಲಿಲ್ಲ. ಇಡ್ಲಿ ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದರು. ಇವರೂ ಲೋಟ ಕೆಳಗಿಟ್ಟು ನೋಡುತ್ತಿದ್ದರು. ಪಕ್ಕದ ಮೇಜಿನವರೂ ತಿರುಗಿದ್ದರು.

"ತಾಯಿ, ತಪ್ಪಾಯ್ತು, ಇನ್ ಮುಟ್ಟಕಿಲ್ಲ" ಎಂದರು ಅಣ್ಣ. ಅವರ ಮುಖದ ತುಂಬ ನಗು ಬಂದಿತ್ತು. "ಆದ್ರೆ ನೀನು ಒಂದೂ ಕಡೆ ನಿಲ್ಸಲಿಲ್ಲ ನೋಡವ್ವ! ಪೂರಾ ಬಂದ್ಬುಡ್ತಲ್ಲ ಮಾತು!"

ಹೌದು, ನಿಲ್ಲಿಸಿರಲಿಲ್ಲ. ನನಗೆ ಆಗಲೇ ಗೊತ್ತಾದದ್ದು. ಇವರು ಸಪ್ಲೈಯರನ್ನು ಕರೆದು ಎಲ್ಲರಿಗೂ ಒಂದೊಂದು ಕೇಸರಿಭಾತ್ ಹೇಳಿದರು. ನಾನು ಅಣ್ಣನನ್ನು ಬಯ್ಯುವುದು ಇನ್ನೂ ಮುಗಿದಿರಲಿಲ್ಲ. ತಿನ್ನುತ್ತಲೇ ಮುಂದುವರಿಸಿದೆ.